ರತ್ನಪಕ್ಷಿಯ ದರ್ಶನ

ಸಹಕಾರನಗರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ ಅದು. ಪಕ್ಕದ ಸೈಟಿನ ತುಂಬ ಲಂಟಾನ. ಅದರ ಕಪ್ಪು ಹಣ್ಣು ತಿಂದು, ಎಲೆಯ ಘಾಟು ಮೆತ್ತಿದ ಕೈಯಲ್ಲೇ ಕ್ರಿಕೆಟ್ ಆಡುತ್ತಿದ್ದೆವು. ಒಂದು ಮಳೆಗಾಲ, ಚೆಂಡು ಹುಡುಕಲು ಪೊದೆಗೆ ನುಗ್ಗಿದ ನನಗೆ ಕೆಂಬೂತದ ಗೂಡು ಸಿಕ್ಕಿತು. ಒಣಹುಲ್ಲಿನ ದೊಡ್ಡ ಉಂಡೆ, ಪಕ್ಕದಲ್ಲೊಂದು ಬಾಗಿಲು. ಒಳಗೆ ಮೂರು ಬಿಳಿ ಮೊಟ್ಟೆ.

ಕೋಗಿಲೆಯ ನೆಂಟನಾದರೂ ಈ ಹಕ್ಕಿ ತನ್ನ ಮೊಟ್ಟೆಗಳನ್ನು ಕಾಗೆಯ ಗೂಡಿಗೆ ಸಾಗಹಾಕುವುದಿಲ್ಲ, ತನ್ನ ಸಂಸಾರ ತಾನೇ ನೋಡಿಕೊಳ್ಳುತ್ತದೆ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಹಾರಲು ಮಹಾ ಸೋಮಾರಿ. ಉದ್ದ ಬಾಲ ಎಳೆದುಕೊಂಡು ನೆಲದಲ್ಲೇ ಬಸವನಹುಳು ಹುಡುಕುತ್ತ ನಡೆಯುತ್ತದೆ. ನಮ್ಮವರ ಬಾಯಲ್ಲಿ ಅದು ರತ್ನಪಕ್ಷಿ. ಬೆಳಗ್ಗೆ ಕಂಡರೆ ಹೊರಟ ಕೆಲಸ ಆಯಿತೆಂದೇ ಲೆಕ್ಕ.

ನಮ್ಮ ಚಿಕ್ಕಮ್ಮ ಟೀಚರ್ ಕೆಲಸಕ್ಕೆ ನಾಲ್ಕು ಇಂಟರ್‌ವ್ಯೂ ಕೊಟ್ಟು ಸೋತಿದ್ದಳು. ಐದನೆಯದರ ಬೆಳಗ್ಗೆ ನಾನೇ ಅವಳ ಕೈಹಿಡಿದು ಕರೆದೊಯ್ದು ಹಕ್ಕಿ ತೋರಿಸಿದೆ. ಕೆಲಸ ಸಿಕ್ಕಿಬಿಟ್ಟಿತು! ಸಂಜೆ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದಳು, ಜೊತೆಗೆ ಗೂಡಿನ ಸುದ್ದಿಯನ್ನೂ.

ಮರುದಿನದಿಂದ ಪೊದೆಯ ಮುಂದೆ ಜನವೋ ಜನ. ಹಕ್ಕಿ ಕಾಣದಿದ್ದರೆ ಕೊಂಬೆ ಅಲ್ಲಾಡಿಸಿ ಎಬ್ಬಿಸುವರು. ಎದುರುಮನೆ ಸರೋಜಾ ಆಂಟಿಯಂತೂ ಪೊದೆಯ ಬುಡಕ್ಕೆ ಅರಿಶಿನ ಕುಂಕುಮ ಹಾಕಿ ಊದುಬತ್ತಿಯನ್ನೂ ಸಿಕ್ಕಿಸಿದರು.

“ಆಂಟಿ, ಅಲ್ಲಾಡಿಸ್ಬೇಡಿ. ಕಾವಿಗೆ ಕೂತಿದೆ.”

“ಒಂದೇ ಒಂದ್ಸಲ ಕಣೇ. ನಮ್ಮನೆಯವ್ರ ಟ್ರಾನ್ಸ್‌ಫರ್ ಆರ್ಡರ್ ಬರತ್ತೆ ಇವತ್ತು.”

ಅಳುತ್ತ ಚಿಕ್ಕಮ್ಮನ ಹತ್ತಿರ ಹೋದೆ. “ನೀನಾದ್ರೂ ಹೇಳು ಅವ್ರಿಗೆ.”

“ಯಾವ್ ಮುಖ ಇಟ್ಕೊಂಡು ಹೇಳ್ಲಿ ಪುಟ್ಟಿ? ಮೊದ್ಲು ದರ್ಶನಕ್ಕೆ ಹೋದೋಳು ನಾನೇ ಅಲ್ವಾ?”

ನಾಲ್ಕನೆಯ ದಿನ ಹಕ್ಕಿ ಬರಲಿಲ್ಲ. ಮೊಟ್ಟೆ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಶಾಲೆಯಿಂದ ಬರುವಷ್ಟರಲ್ಲಿ ಕಾಗೆಗಳು ಮೂರನ್ನೂ ಒಡೆದಿದ್ದವು. ಪೊದೆಯ ಬುಡದಲ್ಲಿ ಕುಂಕುಮದ ಜೊತೆ ಚಿಪ್ಪಿನ ಚೂರು. ಬೈಯೋಣವೆಂದರೆ ಯಾರನ್ನು? ಎಲ್ಲರೂ ಕೈಮುಗಿಯಲು ಬಂದವರೇ. ದಾರಿ ತೋರಿಸಿದವಳು ನಾನು.

ಈಗ ಆ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ಹೋದ ವಾರ ಮಗಳನ್ನು ಪರೀಕ್ಷೆಗೆ ಬಿಡಲು ಅಲ್ಲಾಳಸಂದ್ರ ಕೆರೆಯ ಪಕ್ಕ ನಡೆದು ಹೋಗುವಾಗ, ಪೊದೆಯೊಳಗಿಂದ ‘ಊಪ್ ಊಪ್’ ಎಂದಿತು. ಇಟ್ಟಿಗೆ ಬಣ್ಣದ ರೆಕ್ಕೆಯೊಂದು ನನಗೆ ಕಂಡಿತು.

“ಅಮ್ಮಾ, ಅದ್ಯಾವ ಹಕ್ಕಿ ಕೂಗಿದ್ದು?”

ಹೇಳಲು ಬಾಯಿ ತುರಿಸಿತು. ಅಷ್ಟರಲ್ಲಿ ಹಿಂದೆ ವಾಕಿಂಗಿನವರಿಬ್ಬರು ನಿಂತು ನಾವು ನೋಡುವತ್ತಲೇ ಕತ್ತು ಚಾಚಿದ್ದರು.

“ಗೊತ್ತಿಲ್ಲ ಪುಟ್ಟಿ, ನಡಿ.”

ಕಂಡದ್ದನ್ನು ಓಡಿಬಂದು ತೋರಿಸುವ ಖುಷಿಯನ್ನು ನಾನು ಆ ಮಳೆಗಾಲದಲ್ಲೇ ಕಳೆದುಕೊಂಡೆ. ಮಗಳು ರತ್ನಪಕ್ಷಿಯನ್ನು ನೋಡದೆಯೇ ಪರೀಕ್ಷೆಗೆ ಹೋದಳು.