ಅಪ್ಪನ ಕಾರಿನ ವಿರುದ್ಧ ನನ್ನ ವಾದ

ಹಳೆಯ ಕಾರು ಕೊಳ್ಳಲು ಹೋದವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಬೇಕು. ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಸ್ಟಾರ್ಟಾಗಲು ಇಂಜಿನ್ ಮಾಡುವ ಮೊಂಡಾಟ ಮುಚ್ಚಿಡಲು ಯಾರೋ ಆಗಲೇ ಓಡಿಸಿಟ್ಟಿದ್ದಾರೆ ಎಂದರ್ಥ. ಇದನ್ನು ನನಗೆ ಕಲಿಸಿದ್ದು ಅಪ್ಪ. ಅವರು ತೀರಿಕೊಂಡ ಮೇಲೆ, ರಾಜಾಜಿನಗರದ ನಮ್ಮ ಮನೆ ಮುಂದೆ ನಿಂತೇ ಇದ್ದ ಅವರ ಕಾರನ್ನು ನೋಡಲು ಸುಂಕದಕಟ್ಟೆಯ ಗೌಡರೊಬ್ಬರು ಬಂದಾಗ, “ಮೊದಲು ಮುಟ್ಟಿ ನೋಡಿ” ಎಂದು ನಾನೇ ಹೇಳಿದೆ.

ಮಾರುವುದು ನನಗೆ ಬೇಕಿರಲಿಲ್ಲ. ಅಮ್ಮನಿಗೆ ಬೇಕಿತ್ತು.

“ಅದು ಅಲ್ಲಿ ನಿಂತಿದ್ರೆ ನಿಮ್ಮಪ್ಪ ಈಗ ಬಂದ್ರು, ಇಳೀತಾ ಇದಾರೆ ಅನ್ಸುತ್ತೆ ಕಣೋ. ಕಾಫಿಗೆ ನೀರಿಟ್ಟುಬಿಡ್ತೀನಿ.”

“ಅಪ್ಪ ಅದರೊಳಗೆ ಇಲ್ಲಮ್ಮ. ಅದು ಬರೀ ಕಬ್ಬಿಣ.”

“ಬರೀ ಕಬ್ಬಿಣ ಆದ್ರೆ ಮಾರೋಕೆ ನಿಂಗೇನು ಸಂಕಟ?”

ಕಾಲೇಜಿನ ಚರ್ಚಾಕೂಟದಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಯಾವ ಕಡೆ ನಿಲ್ಲಿಸಿದರೂ ಮಾತಾಡಿ ಗೆದ್ದು ಬರುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಆ ವಿದ್ಯೆ ನಡೆಯಲಿಲ್ಲ. ಮಾರಾಟ ತಪ್ಪಿಸಲು ಉಳಿದದ್ದು ಒಂದೇ ದಾರಿ: ಕೊಳ್ಳುವವರನ್ನು ಹೆದರಿಸುವುದು. ಅದಕ್ಕೆ ಸುಳ್ಳು ಬೇಕಾಗಿಯೇ ಇರಲಿಲ್ಲ.

ಗೌಡರ ಎದುರೇ ಕಾರಿನ ಮೂತಿಗೆ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ತಿರುಗಿಸಿದೆ. ಹೆಬ್ಬೆರಳು ಸುತ್ತಿ ಹಿಡಿಯಬಾರದು, ಇಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ; ಅದೂ ಅಪ್ಪನ ಪಾಠವೇ. ಕೆಮ್ಮಿ, ನಿಂತು, ಮತ್ತೆ ಕೆಮ್ಮಿ ಎದ್ದಿತು.

“ಹೊಗೆ ನೋಡಿದ್ರಾ ಗೌಡ್ರೇ? ನೀಲಿ. ಒಳಗೆ ರಿಂಗು ಸವೆದಿದೆ, ಪೆಟ್ರೋಲ್ ಜೊತೆ ಆಯಿಲ್ಲೂ ಕುಡಿಯುತ್ತೆ.”

“ಹೂಂ.”

“ಸ್ಟೇರಿಂಗ್ ಆಡ್ಸಿ. ಇಷ್ಟು ತಿರುಗಿಸಿದ್ರೂ ಚಕ್ರ ಕದಲಲ್ಲ. ಬ್ರೇಕ್ ಹಾಕಿದ್ರೆ ಎಡಕ್ಕೆ ಎಳೆಯುತ್ತೆ.”

ಎಳೆದಾಗೆಲ್ಲ ಅಪ್ಪ ಬಲಕ್ಕೆ ವಾಲುತ್ತಿದ್ದರು. ಕೊನೆಕೊನೆಗೆ ನಡೆಯುವಾಗಲೂ ಹಾಗೇ ವಾಲುತ್ತಿದ್ದರು.

“ರೇಡಿಯೇಟ್ರು?”

“ಸೋರುತ್ತೆ. ಮಾಗಡಿ ರಸ್ತೆ ಏರಲ್ಲಿ ನೀರು ಕುದ್ದು ನಿಂತೇ ನಿಲ್ಲುತ್ತೆ.”

ಅದು ತಣ್ಣಗಾಗಲೆಂದು ಮರದ ಕೆಳಗೆ ಕೂತಾಗಲೇ ಅಪ್ಪ ನನ್ನೊಡನೆ ವಾದಕ್ಕಿಳಿಯುತ್ತಿದ್ದುದು. ದೇವರಿದ್ದಾನೆಯೇ ಎಂಬುದು ಆ ಏರಿನಲ್ಲಿ ಎಂದೂ ತೀರ್ಮಾನವಾಗಲಿಲ್ಲ. ಅಷ್ಟರಲ್ಲಿ ಇಂಜಿನ್ ತಣ್ಣಗಾಗಿರುತ್ತಿತ್ತು.

ಕೊನೆಗೆ ಕಾಲಡಿಯ ಮ್ಯಾಟನ್ನೂ ಎತ್ತಿ ತೋರಿಸಿದೆ. ತುಕ್ಕು ತಿಂದ ತಗಡಿನ ತೂತಿನಲ್ಲಿ ನೆಲ ಕಾಣುತ್ತಿತ್ತು.

ಗೌಡರು ನಕ್ಕುಬಿಟ್ಟರು. “ಬೇರೆ ಕಾರಿನೋರೆಲ್ಲ ಹೊಸಾದು ಇದ್ದಂಗದೆ ಅಂದ್ರು ಕಣಪ್ಪ. ನೀನೊಬ್ಬ ಇದ್ದದ್ದು ಇದ್ದಂಗೆ ಹೇಳ್ದೆ. ಇದನ್ನೇ ತಗೋತೀನಿ. ಏನೇನು ರಿಪೇರಿ ಅಂತ ಗೊತ್ತಾಯ್ತಲ್ಲ!”

“ಯೋಚನೆ ಮಾಡಿ, ದಾರೀಲೇ ಕೈಕೊಡ್ಬಹುದು.”

“ಕೈಕೊಟ್ರೆ ಎತ್ತು ಕಟ್ಟಿ ಎಳ್ಕೊಂಡೋಗ್ತೀನಿ ಬಿಡು.”

ಇಂಜಿನ್ ಸದ್ದಿಗೆ ಅಮ್ಮ ಕಾಫಿ ತಂದಿದ್ದಳು. ಲೋಟ ಅಪ್ಪನದು. ಅದು ಅವಳಿಗೆ ಗೊತ್ತಾದದ್ದು ಹೊಸಿಲು ದಾಟಿದ ಮೇಲೆ. ಅದನ್ನೇ ಗೌಡರಿಗೆ ಕೊಟ್ಟಳು.

ಅವರು ಕುಡಿದು, ಲೋಟ ಕಟ್ಟೆಯ ಮೇಲಿಟ್ಟು, ಅಮ್ಮನ ಕೈಗೆ ಹಣ ಎಣಿಸಿಕೊಟ್ಟು, ಕಾರು ತಿರುಗಿಸಿಕೊಂಡು ಹೊರಟರು. ತಿರುವಿನ ಹತ್ತಿರ ಗೇರು ಬದಲಿಸಿದಾಗ ಕಾರು ಕಿರ್ರೆಂದು ಕಿರುಚಿತು.

“ಎರಡ್ನೇ ಗೇರಿಗೆ ಕ್ಲಚ್ ಎರಡು ಸಲ ತುಳೀಬೇಕು ಅಂತ ಹೇಳ್ಲಿಲ್ವೇನೋ?” ಎಂದಳು ಅಮ್ಮ.

ನನಗೇ ಗೊತ್ತಿರಲಿಲ್ಲ. ಅಪ್ಪನ ಕೈಯಲ್ಲಿ ಅದು ಎಂದೂ ಕಿರುಚಿರಲಿಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಅವರ ಪಾದ ನೋಡಿದ್ದವಳು ಅಮ್ಮ.

“ಕೂಗೋ, ಹೇಳೋ ಅವರಿಗೆ!” ಎನ್ನುತ್ತ ಬರಿಗಾಲಲ್ಲಿ ಬೀದಿಗೆ ಇಳಿದಳು. ಕೂಗಿದೆ. ಗಂಟಲು ಕಿತ್ತುಹೋಗುವಂತೆ ಕೂಗಿದೆ. ಕಾರು ಮಾಗಡಿ ರಸ್ತೆಯ ಕಡೆ ಮರೆಯಾಗಿತ್ತು. ದೂರದಲ್ಲಿ ಇನ್ನೊಮ್ಮೆ ಕಿರುಚಿದ್ದು ಕೇಳಿಸಿತು. ಅಮ್ಮ ಬೀದಿಯ ನಡುವೆಯೇ ನಿಂತು ಎರಡೂ ಕಿವಿ ಮುಚ್ಚಿಕೊಂಡಳು.