ಸಾಲಿನ ಕೊನೆಯ ಮನೆ

ಎಲ್ಲರ ಬಾಯಲ್ಲೂ ಟೈಲರಕ್ಕನೇ ಆಗಿದ್ದ ಆ ಹೆಂಗಸು ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ಮನೆ ಕೊಳ್ಳಲು ಹೋದಾಗ ಮಾತ್ರ ಅಡುಗೆಮನೆಯ ದೊಡ್ಡ ಕಿಟಕಿಗೆ ಮರುಳಾಗಿ, ಹೊಲಿಗೆ ಮೆಷಿನ್ ಎಲ್ಲಿಡಬೇಕೆಂದು ಮನಸ್ಸಿನಲ್ಲೇ ಗೊತ್ತುಮಾಡಿ, ಮುಂಗಡ ಕೊಟ್ಟುಬಿಟ್ಟಳು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಿ ಬದುಕಿದವಳು, ಪಾಪ.

ಬ್ಯಾಂಕಿನವರು ಕೇಳಿದ್ದಕ್ಕೆ ಸರ್ವೆಯವನು ಬಂದ. ಬೀದಿ ಮೊದಲಿನ ಗಡಿಕಲ್ಲಿನಿಂದ ಅಳೆಯುತ್ತ ಬಂದವನು ಸೀದಾ ಅಡುಗೆಮನೆಗೆ ನುಗ್ಗಿ, ಒಲೆಯ ಮುಂದೆ ಸೀಮೆಸುಣ್ಣದ ಗೆರೆ ಎಳೆದ.

"ಇದರಾಚೆ ಪಕ್ಕದವರ ಜಾಗ ಕಣಮ್ಮ."

ಮನೆ ಮಾರುತ್ತಿದ್ದ ಮೇಷ್ಟ್ರು ಟೈಲರಕ್ಕನಿಗಿಂತ ಹೆಚ್ಚು ಬಿಳಿಚಿಕೊಂಡರು. "ರೀ, ಇಷ್ಟು ವರ್ಷ ಇಲ್ಲೇ ಅನ್ನ ಬೇಯಿಸಿದೀನ್ರೀ!"

ಪಕ್ಕದ ಮನೆ ಅಳೆದರೆ ಅವರ ಬಚ್ಚಲು ಅದರಾಚೆಯವರದು! ಮೊದಲ ಮನೆಯವನು ಮರವೊಂದನ್ನು ಒಳಗೆ ಸೇರಿಸಿಕೊಳ್ಳಲು ಕಾಂಪೌಂಡನ್ನು ನಾಲ್ಕಡಿ ಆಚೆ ಕಟ್ಟಿದ್ದ. ಎರಡನೆಯವನು ಕಲ್ಲು ಹುಡುಕುವ ಗೋಜಿಗೆ ಹೋಗದೆ ಆ ಗೋಡೆಯಿಂದಲೇ ಅಳೆದ. ಮೂರನೆಯವರಾದ ನಮ್ಮ ಮೇಷ್ಟ್ರು ಎರಡನೆಯವನ ಗೋಡೆಯಿಂದ. ಹೀಗೆ ಬೀದಿಗೆ ಬೀದಿಯೇ ಕುರಿಮಂದೆಯಂತೆ ಸರಿದಿತ್ತು.

"ಇದ್ದಂಗೇ ಇರ್ತೀವಿ ಅಂತ ಎಲ್ಲರೂ ಸಹಿ ಹಾಕಿ ರಿಜಿಸ್ಟರ್ ಮಾಡಿಸಿ. ಒಬ್ಬರು ತಪ್ಪಿದ್ರೂ ಬ್ಯಾಂಕು ಒಪ್ಪಲ್ಲ," ಎಂದ ಸರ್ವೆಯವನು.

ಟೈಲರಕ್ಕ ಒಪ್ಪಂದದ ಕಾಗದ ಹಿಡಿದು ಮನೆಮನೆಗೆ ಹೋದಳು, ಸಹಿಗಳು ಬಿದ್ದವು. ಉಳಿದದ್ದು ಸಾಲಿನ ಕೊನೆಯ ಮನೆ. ಅದರಾಚೆ ಮೋರಿ. ಸರಿಯಲು ಜಾಗವಿಲ್ಲದೆ ನಾಲ್ಕಡಿ ಕಳೆದುಕೊಂಡದ್ದು ಅದೊಂದೇ.

ಅಲ್ಲಿದ್ದವಳು ಇಸ್ತ್ರಿ ಅಜ್ಜಿ. ಇಸ್ತ್ರಿ ಮೇಜು ಹಾಕಿದರೆ ಮಂಚಕ್ಕೆ ಜಾಗವಿಲ್ಲದ ಮನೆ. ಅಳತೆ ನೋಡದೆ ಸೈಟು ಕೊಂಡ ದಡ್ಡ ಎಂದು ಅವಳು ಗಂಡನನ್ನು ಬೈಯುತ್ತಿದ್ದುದು ಬೀದಿಗೆಲ್ಲ ಬಾಯಿಪಾಠ. ಅವನು ತೀರಿಕೊಂಡ ಮೇಲೂ ಅವಳು ನಿಲ್ಲಿಸಿರಲಿಲ್ಲ.

ಟೈಲರಕ್ಕ ಮೊದಲು ಗೋಡೆಗಳು ಸರಿದ ಕಥೆಯನ್ನು ಬಿಡಿಸಿ ಹೇಳಿದಳು. ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಹಂಗಾದ್ರೆ ನಮ್ಮನೆಯವರು ಅಳೆಸಿದ್ದು ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಅಜ್ಜಿ."

"ಅವರೂ ಹಂಗೇ ಅಂತಿದ್ರು. ಅಳೆಸೇ ತಗೊಂಡೆ ಕಣೇ, ಎಲ್ಲಿ ಹೋಯ್ತೋ ಕಾಣೆ ಅಂತಿದ್ರು. ನಾನು ನಂಬಲೇ ಇಲ್ಲ. ಹೆಣದ ಮುಂದೆ ಕೂತೂ ಬೈದೆನಲ್ಲೇ, ತಾಯಿ!"

ಅಜ್ಜಿ ಕಣ್ಣೊರೆಸಿಕೊಂಡು, "ಏನಕ್ಕೆ ಬಂದಿದ್ದೆ ಮಗಳೇ?" ಎಂದಳು.

ಸಹಿಯಿಲ್ಲದೆ ಮನೆಯಿಲ್ಲ, ಆ ಕಿಟಕಿಯೂ ಇಲ್ಲ. ಚೀಲದೊಳಗಿನ ಕಾಗದ ಕೈಗೆ ತಾಕಿತು.

"ಸುಮ್ನೆ ಬಂದೆ ಅಜ್ಜಿ," ಎಂದಳು ಟೈಲರಕ್ಕ.