ರಮ್ಲಳ ಫೈಲಿನ ದೊಡ್ಡ ಟೀಚರ್

ಅತ್ತೆಯ ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಲು ಮೊನ್ನೆ ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಮುಂದೆ ಕಾಲೇಜು ಹುಡುಗರ ಸಾಲು, ಹಿಂದೆ ಅಡ್ಡ ನಿಲ್ಲಿಸಿದ ಸ್ಕೂಟರು, ಅಲ್ಲಾಡಲು ಜಾಗವಿಲ್ಲ. ಅಂಗಡಿಯವನು ಕಾರ್ಡನ್ನು ಯಂತ್ರದ ಬಾಯಿಗಿಟ್ಟ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಪ್ಲಾಸ್ಟಿಕ್ಕಿನ ವಾಸನೆ. ನನಗೆ ನಮ್ಮ ದೊಡ್ಡ ಟೀಚರ ಸೆರಗಿನ ವಾಸನೆ...

ಕಾಪುವಿನ ನಮ್ಮ ಶಾಲೆ ಮಾತು ಬಾರದ ಮಕ್ಕಳ ಸಣ್ಣ ಶಾಲೆ. ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ, ಗೇಟಿಗೆ ಸದಾ ಬೀಗ. ಮಕ್ಕಳು ಹೆದ್ದಾರಿಗೆ ಓಡಿಬಿಡುತ್ತಾರೆಂಬ ಭಯ. ನಾನು ಉಡುಪಿಯಿಂದ ಬಸ್ಸಿನಲ್ಲಿ ಹೋಗಿ ಬರುವವಳು. ದೊಡ್ಡ ಟೀಚರ್ ಅಲ್ಲಿಯವರೇ, ಮೀನುಗಾರರ ಮನೆಯವರು. ನಮ್ಮಿಬ್ಬರಲ್ಲಿ ಹಿರಿಯರು, ಹಾಗಾಗಿ 'ದೊಡ್ಡ'. ಅವರ ಬಾಯಿಯೋ, ಕೇಳಬೇಡಿ. ಬಂಗುಡೆ ಮೀನಿನ ರೇಟಿನಿಂದ ಹಿಡಿದು ಬಸ್ ಕಂಡಕ್ಟರನ ಮದುವೆ ಮಾತುಕತೆಯ ತನಕ ಎಲ್ಲವೂ ಅವರಿಗೆ ಬೇಕು. ಅವರ ಮಾತಿನ ನಡುವೆ ನಮಗೊಂದು 'ಹೌದಾ' ಎನ್ನಲು ಸಂದು ಸಿಕ್ಕಿದರೆ ಪುಣ್ಯ.

ಚಿತ್ರದ ಕಾರ್ಡ್ ಕೊಟ್ಟು ಮಾತಾಡಿಸುವ ಕ್ರಮ ನಮ್ಮಲ್ಲಿ ಮೊದಲೇ ಇತ್ತು. ಮಗು ತನ್ನ ಫೈಲಿಗೆ ಅಂಟಿಸಿದ ಒಂದು ಕಾರ್ಡನ್ನು ಕಿತ್ತು ನಮ್ಮ ಕೈಗೆ ಕೊಡಬೇಕು, ಅದರಲ್ಲಿ ಇದ್ದದ್ದನ್ನು ನಾವು ಕೂಡಲೇ ಮಗುವಿಗೆ ಕೊಡಬೇಕು. ನಾವು ಮಾಡಿಕೊಂಡದ್ದು ನೀರು, ಊಟ, ಬಿಸ್ಕೆಟ್, ಆಟ, ಶೌಚಾಲಯ, ಇಷ್ಟೇ. ಮಕ್ಕಳಿಗೆ ಇನ್ನೆಂತ ಬೇಕು ಎಂದುಕೊಂಡಿದ್ದೆವು.

ರಮ್ಲಳಿಗೆ ಅಷ್ಟು ಸಾಲುತ್ತಿರಲಿಲ್ಲ. ಹತ್ತು ವರ್ಷದ ಬ್ಯಾರಿ ಮುಸ್ಲಿಮರ ಹುಡುಗಿ, ತಂದೆಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ಅವಳು ಕಚ್ಚುತ್ತಿದ್ದಳು. ನನ್ನ ಕೈಯಲ್ಲೂ ಅವಳ ಹಲ್ಲಿನ ಗುರುತು ಉಂಟು. ಇನ್ನೊಮ್ಮೆ ಕಚ್ಚಿದರೆ ಮನೆಯಲ್ಲೇ ಇರಿಸಿಕೊಳ್ಳಿ ಎಂದು ಮುಖ್ಯೋಪಾಧ್ಯಾಯಿನಿ ಅವಳ ತಾಯಿಗೆ ಹೇಳಿಯಾಗಿತ್ತು. ಮನೆಯೆಂದರೆ ಮಹಡಿಯ ಕೋಣೆ. ನಾನು ಒಮ್ಮೆ ಹೋಗಿ ನೋಡಿದ್ದೆ, ಚಿಲಕ ಹೊರಗಿನಿಂದ. ತಾಯಿ ಕೆಟ್ಟವರಲ್ಲ. ಕೆಳಗೆ ಉರಿಯುವ ಒಲೆ, ತೊಟ್ಟಿಲಲ್ಲಿ ಕೂಸು, ರಸ್ತೆಗೆ ತೆರೆದ ಬಾಗಿಲು. ಅವರಾದರೂ ಎಂತ ಮಾಡಬೇಕಿತ್ತು?

ಅಷ್ಟರಲ್ಲಿ ನಮ್ಮಿಬ್ಬರನ್ನು ಮಣಿಪಾಲಕ್ಕೆ ತರಬೇತಿಗೆ ಕಳಿಸಿದರು. ಕಾರ್ಕಳ, ಪರ್ಕಳದ ಕಡೆಯ ಟೀಚರುಗಳೂ ಬಂದಿದ್ದರು. ತರಬೇತಿಯೆಂದರೆ ಗೊತ್ತಲ್ಲ, ಎಸಿ ಹಾಲ್, ಗೋಡೆಯ ಮೇಲೆ ಸ್ಲೈಡು, ಚಹಾದೊಂದಿಗೆ ಗೋಳಿಬಜೆ. ಗೋಳಿಬಜೆಯನ್ನು ನಂಬಿಯೇ ನಾವು ಹೋದದ್ದು. ಆದರೆ ತರಬೇತಿ ಕೊಡುವ ಹುಡುಗಿ, ನನ್ನ ತಂಗಿಯ ಪ್ರಾಯದವಳು, ಬಂದವಳೇ ಎಲ್ಲರಿಗೂ ಕಾರ್ಡುಗಳ ಒಂದೊಂದು ಗೊಂಚಲು ಹಂಚಿದಳು. ನಮ್ಮ ಶಾಲೆಯಲ್ಲಿದ್ದಂಥವೇ ಕಾರ್ಡುಗಳು. ಊಟದ ಹೊತ್ತಿನ ತನಕ ಮಾತಿಲ್ಲ, ಬರಹವಿಲ್ಲ, ಏನಿದ್ದರೂ ಇದರಲ್ಲೇ ಹೇಳಿ ಎಂದಳು. ದೊಡ್ಡ ಟೀಚರ್ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಮುಂದಿದೆ.

ಅವರಿಗೆ ಎಸಿಯ ಗಾಳಿ ಆಗುತ್ತಿರಲಿಲ್ಲ. ತಲೆನೋವು ಹಿಡಿದರೆ ಕಣ್ಣಿಗೆ ಕತ್ತಲೆ ಬರುವಂಥದ್ದು. ಕುಳಿತದ್ದು ನೇರ ಅದರ ಕೆಳಗೆ. ಗೊಂಚಲನ್ನು ತಿರುವಿ ತಿರುವಿ ನೋಡಿದರು. ಚಳಿ ಇಲ್ಲ, ನೋವು ಇಲ್ಲ. ಹುಡುಗಿ ಹತ್ತಿರವಾದರೂ ಬರಲಿ ಎಂದು ನೀರಿನ ಕಾರ್ಡ್ ಕೊಟ್ಟರು. ಅವಳು ನಗುತ್ತಾ ನೀರು ತಂದಳು. ಇವರು ಮೇಲೆ ಕೈ ತೋರಿಸಿದರೆ ಅವಳು ಆ ಕಡೆ ನೋಡಲೇ ಇಲ್ಲ. ಮತ್ತೆ ಕಾರ್ಡ್, ಮತ್ತೆ ನೀರು. ಮೇಜಿನ ಮೇಲೆ ಲೋಟಗಳು ಸಾಲಾಗಿ ನಿಂತವು. ನನಗೆ ಮೊದಲು ನಗು ತಡೆಯಲಾಗಲಿಲ್ಲ. ಆಮೇಲೆ ಅವರ ಮುಖ ನೋಡಿದೆ.

ಗೊಂಚಲು ಗೋಡೆಗೆ ಬಡಿದು ಬಿತ್ತು. ದೊಡ್ಡ ಟೀಚರ್ ಎದ್ದು ಬಾಗಿಲಿಗೆ ನಡೆದರು. ಹುಡುಗಿ ಬಾಗಿಲಿಗೆ ಅಡ್ಡ ನಿಂತು, "ಹೋಗಿ ಕೂತ್ಕೊಳ್ಳಿ, ಇನ್ನೂ ಬೆಲ್ ಆಗಲಿಲ್ಲ" ಎಂದಳು. ನಾವು ಮಕ್ಕಳಿಗೆ ಹೇಳುವ ಧಾಟಿಯೇ. ಆಮೇಲೆ ಬೋರ್ಡಿನ ಮೇಲೆ, ಮಕ್ಕಳ ಬಗ್ಗೆ ನಾವು ರಿಪೋರ್ಟಿನಲ್ಲಿ ಬರೆಯುವ ಹಾಗೆ, 'ಕಾರಣವಿಲ್ಲದೆ ವಸ್ತುಗಳನ್ನು ಎಸೆಯುತ್ತಾರೆ' ಎಂದು ಬರೆದಳು. ದೊಡ್ಡ ಟೀಚರ್ ಬಂದು ಕುಳಿತರು. ಬಾಯಿ ಬಿಗಿದಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇಡೀ ಹಾಲಿನಲ್ಲಿ ಯಾರಿಗೂ ಅವರನ್ನು ಕೇಳುವ ದಾರಿ ಇರಲಿಲ್ಲ, ಅವರಿಗೆ ಹೇಳುವ ದಾರಿಯೂ ಇರಲಿಲ್ಲ. ನನಗೆ ಆ ಹುಡುಗಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಊಟಕ್ಕೆ ಬಿಟ್ಟ ಕೂಡಲೇ ಆ ಹುಡುಗಿ ಎಸಿ ಆರಿಸಿ, ಅವರ ಎರಡೂ ಕೈ ಹಿಡಿದು ಕ್ಷಮೆ ಕೇಳಿದಳು. ಇವರು ತಲೆಯಾಡಿಸಿದರು, ಅಷ್ಟೇ. ಉಡುಪಿಯ ತನಕ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಸ್ಟ್ಯಾಂಡಿನಲ್ಲಿ ಕಾಪುವಿನ ಬಸ್ ಬಂದಾಗ ನನ್ನ ಮೊಣಕೈ ಹಿಡಿದು, "ಆ ರಮ್ಲಳಿಗೆ ನಾವು ಎಷ್ಟು ನೀರು ಕುಡಿಸಿದ್ದೇವೆ ಮಾರಾಯ್ತಿ" ಎಂದರು. ಬಸ್ ಹತ್ತಿ ಹೋದರು.

ಮಾರನೆಯ ದಿನದಿಂದ ಅವರು ಸ್ಟಾಫ್ ರೂಮಿನ ಲ್ಯಾಮಿನೇಶನ್ ಯಂತ್ರ ಬಿಟ್ಟು ಏಳಲಿಲ್ಲ. ನೋವು, ಚಳಿ, ಸಾಕು, ಹೊರಗೆ, ಸಿಟ್ಟು... ಚಿತ್ರ ಬರೆಯಲು ಬಾರದಿದ್ದರೂ ಬರೆದರು. 'ಬೇಡ' ಎನ್ನುವುದಕ್ಕೆ ಅಡ್ಡ ಹಿಡಿದ ಅಂಗೈ. ರಮ್ಲಳ ಫೈಲಿಗೆ ಅದನ್ನು ಮೊದಲು ಅಂಟಿಸಿದರು.

ಅದರ ಉಪಯೋಗ ಗೊತ್ತಾದದ್ದೇ, ರಮ್ಲಳಿಗೆ ಎಲ್ಲವೂ ಬೇಡವಾಯಿತು. ಪ್ರಾರ್ಥನೆ ಬೇಡ, ಮಣಿ ಪೋಣಿಸುವುದು ಬೇಡ, ನಾನು ಬೇಡ. ಕಾರ್ಡ್ ತಂದು ಅಂಗೈಗೆ ಒತ್ತುವಳು, ನಾವು ಸುಮ್ಮನಾಗಬೇಕು. ಇದು ಅತಿಯಾಯಿತು ಎಂದು ಮುಖ್ಯೋಪಾಧ್ಯಾಯಿನಿ ಆ ಕಾರ್ಡನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಮ್ಮ ಕಡೆ ಇದೊಂದು ಅಭ್ಯಾಸ, ಒಳ್ಳೆಯದಾಗಲಿ ಕೆಟ್ಟದಾಗಲಿ ಬೀರುವಿಗೆ ಹೋಗಬೇಕು. ಮಧ್ಯಾಹ್ನ ಆಯಾ ಊಟದ ತಟ್ಟೆ ಎದುರಿಗಿಟ್ಟಾಗ ರಮ್ಲ ಫೈಲು ತೆರೆದಳು, ಆ ಜಾಗವನ್ನು ತಡವಿದಳು, ಮತ್ತೆ ತಡವಿದಳು. ಆಮೇಲೆ ಆಯಾಳ ಕೈ ಕಚ್ಚಿದಳು.

ತಾಯಿಯನ್ನು ಕರೆಸಿದರು. ಅವರು ಆಗಲೇ ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಿದ್ದರು. ಮಹಡಿಯ ಕೋಣೆಯ ಆ ಚಿಲಕ ನನಗೆ ನೆನಪಾಯಿತು. ದೊಡ್ಡ ಟೀಚರ್ ನಿಂತಲ್ಲಿಂದ ಹೇಳಿದರು:

"ಮೇಡಂ, ಬಾಯಿಯಲ್ಲಿ ಬೇಡ ಹೇಳ್ಲಿಕ್ಕೆ ಆಗದವಳು ಹಲ್ಲಿನಲ್ಲಿ ಹೇಳ್ತಿದ್ದಳು. ಕೈಯಲ್ಲಿ ಹೇಳ್ಲಿಕ್ಕೆ ಕಲಿತಳು, ಅದನ್ನು ನೀವು ತೆಗೆದಿಟ್ರಿ. ಈಗ ಅವಳು ಎಂತ ಮಾಡ್ಬೇಕು?"

ಮೇಡಂ ಶಿಸ್ತು, ಬೇರೆ ಮಕ್ಕಳು ಎಂದೆಲ್ಲ ಶುರು ಮಾಡಿದರು.

"ಕಾರ್ಡ್ ಕೊಟ್ಟು ನೋಡಿ. ಆಮೇಲೂ ಕಚ್ಚಿದರೆ ನಾಳೆಯಿಂದ ನಾನೂ ಬರುವುದಿಲ್ಲ."

ಕೆಲಸ ಹೋದರೆ ಅವರಿಗೆ ಬೇರೆ ಗತಿಯಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಡಂ ಬೀರು ತೆಗೆದರು. ರಮ್ಲ ಶಾಲೆಯಲ್ಲಿ ಉಳಿದಳು. ಆಮೇಲೆ ಯಾರನ್ನೂ ಕಚ್ಚಲಿಲ್ಲ, ಹಠ ಮಾತ್ರ ಬೇಕಾದಷ್ಟು ಮಾಡಿದಳು.

ಅವಳ ಫೈಲು ದಪ್ಪವಾಯಿತು. ವಸ್ತುಗಳಾದ ಮೇಲೆ ಜನರ ಸರದಿ: ಅವಳ ತಾಯಿ ಉಮ್ಮ, ಆಯಾ, ನಾನು. ದೊಡ್ಡ ಟೀಚರ್ ತಮ್ಮದೂ ಒಂದು ಫೋಟೋ ಹಾಕಿದರು. ಬಾಯಿ ತೆರೆದು ಯಾರಿಗೋ ಏನೋ ಹೇಳುತ್ತಿರುವ ಫೋಟೋ. ಮುಚ್ಚಿದ ಬಾಯಿಯದ್ದು ಒಂದೂ ಸಿಗಲಿಲ್ಲವೆಂದು ನಾನು ತಮಾಷೆ ಮಾಡಿದ್ದೆ. ಬೆಳಿಗ್ಗೆ ರಮ್ಲ ಬಂದು ಮೊದಲು ಕಿತ್ತು ಕೊಡುತ್ತಿದ್ದುದು ಅದನ್ನೇ. ಚಹಾ ಅರ್ಧ ಕುಡಿದಿದ್ದರೂ ಲೋಟ ಇಟ್ಟು ಇವರು ಎದ್ದು ಹೋಗುತ್ತಿದ್ದರು. "ಕರೆದಳಲ್ವಾ" ಎನ್ನುತ್ತಿದ್ದರು.

ಕಳೆದ ವರ್ಷ ಅವರು ತೀರಿಕೊಂಡರು. ಹೃದಯದ್ದು. ಅಂಗಳದಲ್ಲಿ ಪಕ್ಕದ ಮನೆಯವರೊಂದಿಗೆ ಮಾತಾಡುತ್ತಾ ಇದ್ದವರು ಮಾತಿನ ಮಧ್ಯದಲ್ಲೇ...

ಆ ಫೋಟೋ ತೆಗೆದುಬಿಡಿ ಎಂದರು ಮೇಡಂ. ರಮ್ಲಳ ತಾಯಿಯೂ ಹಾಗೇ ಅಂದರು, "ಸಿಗದವರನ್ನು ದಿನಾ ಕೇಳಿ ಅವಳಿಗೆ ಬೇಜಾರಲ್ವಾ ಟೀಚರ್." ಸರಿ ಎಂದು ಕೈ ಹಾಕಿದೆ. ಆದರೆ ನನ್ನಿಂದ ಆಗಲಿಲ್ಲ. ಸತ್ತವರ ಹೆಸರನ್ನು ನನ್ನ ಬಾಯಿಂದ ಯಾರೂ ಕಿತ್ತುಕೊಳ್ಳಲಿಲ್ಲ, ಅವಳ ಬಾಯಿಂದ ನಾನ್ಯಾಕೆ ಕೀಳಬೇಕು? ಹಾಗೇ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ.

ಈಗ ದಿನವೂ ಬೆಳಿಗ್ಗೆ ರಮ್ಲ ಆ ಫೋಟೋ ತಂದು ನನ್ನ ಅಂಗೈಯಲ್ಲಿಡುತ್ತಾಳೆ. ಕೊಟ್ಟ ಮೇಲೆ ಕೈ ಚಾಚಿ ನಿಲ್ಲುತ್ತಾಳೆ, ನಾವು ಕಲಿಸಿದ ಹಾಗೆ. ಟೀಚರ್ ತೀರಿಹೋದರು ರಮ್ಲ ಎನ್ನುತ್ತೇನೆ. ಅವಳು ಕೈ ಹಿಂದೆಗೆಯುವುದಿಲ್ಲ, ನನಗೆ ಎದ್ದು ಹೋಗಲು ಆಗುವುದಿಲ್ಲ. ನನಗೂ ದೊಡ್ಡ ಟೀಚರ್ ಬೇಕು. ನಾನು ಅದನ್ನು ಬಾಯಿಬಿಟ್ಟು ಹೇಳುತ್ತೇನೆ, ಅವಳು ಕೈಯಲ್ಲಿ ಕೊಡುತ್ತಾಳೆ. ಇಬ್ಬರಿಗೂ ಸಿಗುವುದಿಲ್ಲ.